ಜಪಾನೀ ಚಲನಚಿತ್ರಗಳಲ್ಲಿ ಅಭಿನಯ, ಪಾತ್ರ ಮತ್ತು ಪ್ರೇಕ್ಷಕ

ಜಪಾನಿನ ಕಥಾಚಿತ್ರಗಳಲ್ಲಿ ನಟನಟಿಯರ ಅಭಿನಯವನ್ನೂ ಪಾತ್ರಗಳ ನಡೆನುಡಿಯನ್ನೂ ನೋಡುಗರು ಒಪ್ಪಿದ, ಪ್ರಶ್ನಿಸಿದ, ಕೆಲವೊಮ್ಮೆ ಸಿಟ್ಟಿನಿಂದ ತಳ್ಳಿಹಾಕಿದ ಬಗೆಗಳ ಸಮೀಕ್ಷೆ ಇದು. ವಿಮರ್ಶಕರ ತೀರ್ಪುಗಳಿಗೆ ಅಲ್ಲಿ ಗಟ್ಟಿಯಾದ ಪರಂಪರೆ ಇದೆ. 1919ರಲ್ಲಿ ಶುರುವಾದ ‘ಕಿನೆಮಾ ಜುಂಪೊ’ ಪತ್ರಿಕೆ ಪ್ರತಿವರ್ಷ ಹತ್ತು ಅತ್ಯುತ್ತಮ ಚಿತ್ರಗಳನ್ನು ಆರಿಸುತ್ತ ಬಂದಿದೆ, ಆ ಪಟ್ಟಿಗೆ ಇಂದಿಗೂ ಬೆಲೆಯಿದೆ. ಸಾಮಾನ್ಯ ಪ್ರೇಕ್ಷಕರ ಪ್ರತಿಕ್ರಿಯೆಯ ದಾರಿ ಬೇರೆ. ಅವರು ನಟರನ್ನು ಪಾತ್ರದಿಂದ ಪೂರ್ತಿಯಾಗಿ ಬಿಡಿಸಿ ನೋಡಿದ್ದು ಕಡಿಮೆ. ತೆರೆಯ ಮೇಲೆ ಒಂದು ಮುಖ ಕಂಡರೆ ಆ ಮುಖದ ಹಳೆಯ ಪಾತ್ರಗಳು, ಅದರ ಖಾಸಗಿ ಬದುಕು, ಅದು ಹೊತ್ತಿರುವ ಹೆಸರು ಎಲ್ಲವೂ ಒಟ್ಟಿಗೆ ಲೆಕ್ಕಕ್ಕೆ ಬಂದವು. ಈ ಲೆಕ್ಕಾಚಾರವೇ ಎಷ್ಟೋ ಚಿತ್ರಗಳನ್ನು ಗೆಲ್ಲಿಸಿತು, ಎಷ್ಟೋ ನಟರ ದಿಕ್ಕನ್ನು ಬದಲಿಸಿತು, ಸತ್ತ ಪಾತ್ರವೊಂದನ್ನು ಬದುಕಿಸಿದ್ದೂ ಉಂಟು.

ಬೆನ್ಶಿಗಳ ಕಾಲ

ಮೂಕಿಚಿತ್ರಗಳ ದಿನಗಳಲ್ಲಿ ಜಪಾನಿನ ಪ್ರೇಕ್ಷಕನಿಗೂ ತೆರೆಗೂ ನಡುವೆ ಬೆನ್ಶಿ ಎಂಬ ಕಥನಕಾರ ನಿಂತಿರುತ್ತಿದ್ದ. ಎಲ್ಲ ಪಾತ್ರಗಳ ಮಾತನ್ನೂ ಅವನೇ ಆಡುತ್ತಿದ್ದ. ಕಥೆ ಬಿಡಿಸಿ ಹೇಳುತ್ತಿದ್ದ. ಯಾರ ನಡತೆ ಸರಿ, ಯಾರದು ತಪ್ಪು ಎಂಬುದು ಅವನ ದನಿಯ ಏರಿಳಿತದಲ್ಲೇ ಗೊತ್ತಾಗುತ್ತಿತ್ತು. ಮುಸೇಯಿ ತೊಕುಗಾವಾ ಅವರಂಥ ಬೆನ್ಶಿಗಳ ಹೆಸರು ನೋಡಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಹೀಗಾಗಿ ಆ ಕಾಲದ ಪ್ರೇಕ್ಷಕರ ಅಳು, ನಗೆ ನಟನಿಗೆ ಸಂದದ್ದೆಷ್ಟು, ಬೆನ್ಶಿಗೆ ಸಂದದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಹೆಣ್ಣು ಪಾತ್ರಗಳನ್ನು ಕಬುಕಿ ರಂಗದ ರೂಢಿಯಂತೆ ಗಂಡಸರೇ ಮಾಡುತ್ತಿದ್ದರು. ರಂಗದ ಮೇಲೆ ದೂರದಿಂದ ನೋಡುವಾಗ ಒಪ್ಪುತ್ತಿದ್ದ ಆ ವೇಷ ಕ್ಯಾಮೆರಾ ಹತ್ತಿರ ಬಂದಾಗ ಒಪ್ಪದೆ ಹೋಯಿತು. ವಿದೇಶೀ ಚಿತ್ರಗಳಲ್ಲಿ ನಟಿಯರನ್ನು ನೋಡಿ ಪಳಗಿದ ಯುವ ಪ್ರೇಕ್ಷಕರು ಬದಲಾವಣೆ ಬಯಸಿದರು. ನೊರಿಮಾಸಾ ಕಾಯೆರಿಯಾಮಾ ಮೊದಲಾದ ಸುಧಾರಕರು 1910ರ ದಶಕದ ಕೊನೆಗೆ ನಟಿಯರನ್ನೇ ಹಾಕಿಕೊಂಡು ಚಿತ್ರ ತೆಗೆದರು. 1920ರ ದಶಕದ ಮೊದಲರ್ಧ ಮುಗಿಯುವಷ್ಟರಲ್ಲಿ ಸ್ತ್ರೀವೇಷಧಾರಿಗಳು ತೆರೆಯಿಂದ ಮರೆಯಾದರು. ಅವರಲ್ಲೊಬ್ಬರಾದ ತೆಯಿನೊಸುಕೆ ಕಿನುಗಾಸಾ ನಿರ್ದೇಶನಕ್ಕೆ ತಿರುಗಿದರು. ಅವರ ‘ಗೇಟ್ ಆಫ್ ಹೆಲ್’ 1954ರಲ್ಲಿ ಕಾನ್ ಉತ್ಸವದ ಮೊದಲ ಬಹುಮಾನ ಗೆದ್ದಿತು. 1931ರಲ್ಲಿ ಮೊದಲ ಪೂರ್ಣ ಟಾಕಿ ಬಂದ ಮೇಲೆ ಬೆನ್ಶಿಗಳ ಬದುಕೂ ಮುಗಿಯುತ್ತ ಬಂತು. ಅಕಿರಾ ಕುರೊಸಾವ ಅವರ ಅಣ್ಣ ಹೇಯಿಗೊ ಬೆನ್ಶಿಯಾಗಿದ್ದವರು, ಬೆನ್ಶಿಗಳ ಮುಷ್ಕರದ ಮುಂದಾಳು. 1933ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಹೆಣ್ಣು ಪಾತ್ರಗಳ ಮೇಲಿನ ತೀರ್ಪು

ಯುದ್ಧಾನಂತರದ ಜಪಾನಿನಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದವು ಹೆಣ್ಣು ಪಾತ್ರಗಳು. ಅಮೆರಿಕದ ಸೇನಾಡಳಿತ ಹೊಸ ಬಗೆಯ ಮಹಿಳೆಯನ್ನು ತೆರೆಗೆ ತರಲು ಉತ್ತೇಜನ ಕೊಟ್ಟಿತು, ಚುಂಬನ ದೃಶ್ಯಗಳನ್ನೂ ಬಯಸಿತು. 1946ರಲ್ಲಿ ಅಂಥ ಮೊದಲ ದೃಶ್ಯ ಬಂದಾಗ ಜನ ಮುಗಿಬಿದ್ದು ನೋಡಿದರು. ಆದರೆ ಮನಸ್ಸಿನಲ್ಲಿ ಉಳಿದದ್ದು 1950ರ ತದಾಶಿ ಇಮಾಯಿ ನಿರ್ದೇಶನದ ‘ಅನ್ಟಿಲ್ ವಿ ಮೀಟ್ ಅಗೇನ್’ ಚಿತ್ರದ ಚುಂಬನ. ಅದರಲ್ಲಿ ಪ್ರೇಮಿಗಳ ತುಟಿ ಸೋಕುವುದೇ ಇಲ್ಲ. ನಡುವೆ ಕಿಟಕಿಯ ಗಾಜಿದೆ. ಆ ವರ್ಷ ‘ಕಿನೆಮಾ ಜುಂಪೊ’ ಮೊದಲ ಸ್ಥಾನ ಕೊಟ್ಟಿದ್ದು ಆ ಚಿತ್ರಕ್ಕೆ. ‘ರಾಶೊಮೊನ್’ಗೆ ಸಿಕ್ಕಿದ್ದು ಐದನೆಯ ಸ್ಥಾನ.

ಕುರೊಸಾವರ ‘ನೊ ರಿಗ್ರೆಟ್ಸ್ ಫಾರ್ ಅವರ್ ಯೂತ್’ (1946) ಚಿತ್ರದ ಯುಕಿಯೆ ಪಾತ್ರ ದೊಡ್ಡ ವಾಗ್ವಾದ ಎಬ್ಬಿಸಿತು. ಪ್ರಾಧ್ಯಾಪಕರ ಮಗಳು, ಪಿಯಾನೊ ನುಡಿಸುವ ಹುಡುಗಿ, ದೇಶದ್ರೋಹಿ ಎಂಬ ಹಣೆಪಟ್ಟಿ ಹೊತ್ತು ಸತ್ತ ಗಂಡನ ಹಳ್ಳಿಗೆ ಹೋಗಿ ಅತ್ತೆಯ ಜೊತೆ ಕೆಸರಿನಲ್ಲಿ ಭತ್ತದ ನಾಟಿ ಮಾಡುತ್ತಾಳೆ. ಯಾರೂ ಒತ್ತಾಯಿಸಿದ್ದಲ್ಲ, ಅದು ಅವಳದೇ ಆಯ್ಕೆ. ಸೆತ್ಸುಕೊ ಹಾರಾ ಈ ಪಾತ್ರವನ್ನು ಹಟದಿಂದ, ಕೆಲವೆಡೆ ಹುಚ್ಚು ಆವೇಶದಿಂದ ಅಭಿನಯಿಸಿದರು. ಅನೇಕ ವಿಮರ್ಶಕರಿಗೆ ಅದು ಅಸಹಜವೆನಿಸಿತು. ಅದೇ ಹಟವನ್ನು ಗಂಡು ಪಾತ್ರ ತೋರಿಸಿದ್ದರೆ ಯಾರಿಗೂ ಅಸಹಜ ಅನ್ನಿಸುತ್ತಿರಲಿಲ್ಲ. ಯುಕಿಯೆಯ ನಡತೆಗೆ ಬಂದ ಆಕ್ಷೇಪಗಳು ಆ ಕಾಲದ ನೋಡುಗರ ಮನಸ್ಸಿಗೆ ಒಳ್ಳೆಯ ದಾಖಲೆ.

ಕಿನುಯೊ ತನಾಕಾ ಅವರ ಮೇಲೆ ಬಿದ್ದ ಸಿಟ್ಟು ಪಾತ್ರವೊಂದರ ಮೇಲಿನದಲ್ಲ, ನೇರವಾಗಿ ನಟಿಯ ಮೇಲಿನದು. 1949ರಲ್ಲಿ ಅವರು ಕಿಮೊನೊ ಉಟ್ಟು ಸದ್ಭಾವನಾ ಪ್ರವಾಸಕ್ಕೆಂದು ಅಮೆರಿಕಕ್ಕೆ ಹೋದರು. 1950ರ ಆರಂಭದಲ್ಲಿ ಮರಳಿದಾಗ ಮೈಮೇಲೆ ಪಾಶ್ಚಾತ್ಯ ಉಡುಪು, ಕಪ್ಪು ಕನ್ನಡಕ. ತೆರೆದ ಕಾರಿನಿಂದ ಟೋಕಿಯೊದ ಜನರತ್ತ ಗಾಳಿಮುತ್ತು ಎಸೆದರು. ಸೋತ ದೇಶದ ಗಾಯ ಇನ್ನೂ ಮಾಗಿರಲಿಲ್ಲ. ಸಹಿಸುವ ತಾಯಿ, ಸಹಿಸುವ ಹೆಂಡತಿ ಎಂದು ತಾವು ನಂಬಿದ್ದ ಮುಖ ಹೀಗೆ ಬದಲಾದದ್ದನ್ನು ಜನ ಕ್ಷಮಿಸಲಿಲ್ಲ. ಪತ್ರಿಕೆಗಳು ಹರಿಹಾಯ್ದವು, ಅವರ ಅಭಿನಯವೂ ಮುಗಿಯಿತು ಎಂಬ ಮಾತು ಹಬ್ಬಿತು. ಸಾಯಬೇಕೆಂಬ ಯೋಚನೆ ಬರುವಷ್ಟು ಅವರು ಕುಗ್ಗಿದರು.

ಉತ್ತರ ಬಂದದ್ದು ಎರಡು ವರ್ಷದ ಮೇಲೆ, ಕೆಂಜಿ ಮಿಜೊಗುಚಿ ಅವರ ‘ಲೈಫ್ ಆಫ್ ಒಹಾರು’ (1952) ಚಿತ್ರದಲ್ಲಿ. ಅರಮನೆಯ ಪರಿಚಾರಿಕೆಯಾಗಿದ್ದ ಒಹಾರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬೀದಿಯ ವೇಶ್ಯೆಯಾಗುತ್ತಾಳೆ. ಕೊನೆಯ ಭಾಗದಲ್ಲಿ ಯಾತ್ರಿಕರ ಮುಖಂಡನೊಬ್ಬ ಅವಳನ್ನು ಕೋಣೆಗೆ ಕರೆದು, ದೀಪದ ಬೆಳಕಿನಲ್ಲಿ ಅವಳ ಮುದಿ ಮುಖವನ್ನು ಯುವಕರಿಗೆ ತೋರಿಸಿ, ಇಂಥವಳ ಬಳಿಗೆ ಹೋಗಬೇಕೆ ಎಂದು ಬುದ್ಧಿ ಹೇಳುತ್ತಾನೆ. ಹೊರಡುವಾಗ ತನಾಕಾ ಬೆಕ್ಕಿನಂತೆ ಕೈ ಚಾಚಿ ಅವರನ್ನು ಹೆದರಿಸಿ, ನಕ್ಕು ಹೋಗುತ್ತಾರೆ. ತನ್ನನ್ನು ಪಿಶಾಚಿ ಎಂದು ನೋಡುವವರಿಗೆ ಪಿಶಾಚಿಯನ್ನೇ ತೋರಿಸಿಬಿಡುವ ಆ ಅರೆಗಳಿಗೆಯಲ್ಲಿ ನಟಿಯ ಎರಡು ವರ್ಷದ ಅವಮಾನವೂ ಬೆರೆತಿದೆ ಎಂದು ಓದದಿರುವುದು ಕಷ್ಟ. ಚಿತ್ರ ವೆನಿಸ್‌ನಲ್ಲಿ ಪ್ರಶಸ್ತಿ ಪಡೆಯಿತು. 1953ರಲ್ಲಿ ತನಾಕಾ ತಾವೇ ನಿರ್ದೇಶಕಿಯೂ ಆದರು.

ಹಿದೆಕೊ ತಕಾಮಿನೆ ಅವರ ಕಥೆ ಇದಕ್ಕೆ ತದ್ವಿರುದ್ಧ. ಬಾಲನಟಿಯಾಗಿದ್ದಾಗಿನಿಂದ ಅವರನ್ನು ನೋಡುತ್ತ ಬಂದ ಪ್ರೇಕ್ಷಕರು ಅವರ ಜೊತೆಗೇ ಬೆಳೆದರು. ಕೆಯಿಸುಕೆ ಕಿನೊಶಿತಾರ ‘ಟ್ವೆಂಟಿ ಫೋರ್ ಐಸ್’ (1954) ಶೊದೊಶಿಮಾ ದ್ವೀಪದ ಶಾಲಾ ಶಿಕ್ಷಕಿಯೊಬ್ಬಳ, ಅವಳ ತರಗತಿಯ ಹನ್ನೆರಡು ಮಕ್ಕಳ ಕಥೆ, ಶಿಕ್ಷಕಿಯಾಗಿ ತಕಾಮಿನೆ. ಮಕ್ಕಳು ದೊಡ್ಡವರಾದಾಗ ಮುಖ ಹೋಲಬೇಕೆಂದು ನಿರ್ದೇಶಕರು ಒಡಹುಟ್ಟಿದವರನ್ನೇ ಹುಡುಕಿ ಪಾತ್ರಕ್ಕೆ ಹಾಕಿದರು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಹಳೆಯ ವಿದ್ಯಾರ್ಥಿ ತರಗತಿಯ ಫೋಟೊದ ಮೇಲೆ ಬೆರಳಾಡಿಸಿ, ಯಾರು ಎಲ್ಲಿ ನಿಂತಿದ್ದರೆಂದು ನೆನಪಿನಿಂದಲೇ ಹೇಳುವ ದೃಶ್ಯಕ್ಕೆ ಇಡೀ ದೇಶ ಅತ್ತಿತು. ಆ ವರ್ಷದ ‘ಕಿನೆಮಾ ಜುಂಪೊ’ ಪಟ್ಟಿಯಲ್ಲಿ ಈ ಚಿತ್ರ ಮೊದಲನೆಯದು, ‘ಸೆವೆನ್ ಸಮುರಾಯ್’ ಮೂರನೆಯದು. ಇಂದು ಹೊರದೇಶದವರಿಗೆ ಇದು ಅಚ್ಚರಿ ತರುತ್ತದೆ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳ ಲೆಕ್ಕ ಹಿಡಿದರೆ ಅಚ್ಚರಿಯೇನಿಲ್ಲ. ಮರುವರ್ಷ ಮಿಕಿಯೊ ನರುಸೆ ಅವರ ‘ಫ್ಲೋಟಿಂಗ್ ಕ್ಲೌಡ್ಸ್’ ಚಿತ್ರದಲ್ಲಿ ಇದೇ ತಕಾಮಿನೆ, ಕೈಹಿಡಿಯದ ಗಂಡಸಿನ ಹಿಂದೆ ಇಂಡೋಚೀನಾದಿಂದ ಯಾಕುಶಿಮಾ ದ್ವೀಪದವರೆಗೆ ಅಲೆಯುವ ಯುಕಿಕೊ ಆದರು. ಇವಳು ಇವನನ್ನು ಬಿಡಬಾರದೇಕೆ ಎಂದು ಅಂದಿನಿಂದ ಇಂದಿನವರೆಗೆ ನೋಡುಗರು ಕೇಳುತ್ತಲೇ ಇದ್ದಾರೆ. ನರುಸೆ ಕಾರಣ ಕೊಡುವುದಿಲ್ಲ. ತಕಾಮಿನೆ ಕೂಡ ಕನಿಕರ ಬೇಡುವ ಒಂದು ನೋಟವನ್ನೂ ಕೊಡುವುದಿಲ್ಲ, ಆ ಪಾತ್ರದ ಬಲವೆಲ್ಲ ಅಲ್ಲಿದೆ.

ಓಜು: ನಗುವಿನ ಅರ್ಥ

ಯಾಸುಜಿರೊ ಓಜು ಅವರ ಚಿತ್ರಗಳ ಅಭಿನಯ ಜಪಾನಿನ ಒಳಗೂ ಹೊರಗೂ ಮುಗಿಯದ ಚರ್ಚೆ. ಅವರು ನಟರ ಕೈ, ಕತ್ತು, ಕಣ್ಣಿನ ಚಲನೆಯನ್ನು ಅಳೆದು ಹೇಳಿಕೊಡುತ್ತಿದ್ದರು, ರೀಟೇಕ್ ಮೇಲೆ ರೀಟೇಕ್ ತೆಗೆಯುತ್ತಿದ್ದರು. ಕೆಲವರಿಗೆ ಅದು ಬೊಂಬೆಯಾಟದಂತೆ ಕಂಡಿತು. ‘ಲೇಟ್ ಸ್ಪ್ರಿಂಗ್’ (1949) ಚಿತ್ರದ ನೋಹ್ ನಾಟಕದ ದೃಶ್ಯ ಈ ಮಾತನ್ನು ಸುಳ್ಳು ಮಾಡುತ್ತದೆ. ತಂದೆಯ ಪಕ್ಕದಲ್ಲಿ ಕೂತ ನೊರಿಕೊ ನಾಟಕ ನೋಡುತ್ತಿದ್ದಾಳೆ. ಎದುರು ಸಾಲಿನಲ್ಲಿರುವ ವಿಧವೆಯೊಬ್ಬಳಿಗೆ ತಂದೆ ತಲೆಬಾಗಿ ನಮಸ್ಕರಿಸುತ್ತಾನೆ. ನೊರಿಕೊ ಅವಳನ್ನು ನೋಡುತ್ತಾಳೆ, ತಂದೆಯನ್ನು ನೋಡುತ್ತಾಳೆ, ಮತ್ತೆ ಅವಳನ್ನು. ಮುಖ ನಿಧಾನಕ್ಕೆ ಬಾಡಿ ತಲೆ ಕೆಳಗಾಗುತ್ತದೆ. ಮಾತಿಲ್ಲ, ರಂಗದ ಹಾಡು ನಡೆದೇ ಇದೆ. ಸೆತ್ಸುಕೊ ಹಾರಾ ಅವರ ಸಾಮರ್ಥ್ಯ ತಿಳಿಯಲು ಈ ಕೆಲವು ನಿಮಿಷ ಸಾಕು.

ಅದೇ ಚಿತ್ರದಲ್ಲಿ ಕ್ಯೋಟೊದ ವಸತಿಗೃಹದ ರಾತ್ರಿಯೊಂದಿದೆ. ಮಗಳು ಮಾತಾಡುತ್ತಿರುವಾಗಲೇ ತಂದೆಗೆ ನಿದ್ದೆ ಹತ್ತುತ್ತದೆ. ಅವಳ ಮುಖದಲ್ಲಿ ಮುಗುಳ್ನಗೆ, ನಂತರ ಕತ್ತಲಲ್ಲಿರುವ ಒಂದು ಹೂದಾನಿ, ನಂತರ ಅಳುವಿನಂಚಿಗೆ ಬಂದ ಅದೇ ಮುಖ, ಮತ್ತೆ ಹೂದಾನಿ. ಈ ಹೂದಾನಿಗೆ ಅರ್ಥ ಹೇಳಿದವರ ಸಾಲು ದೊಡ್ಡದು. ಪಾಲ್ ಶ್ರೇಡರ್ 1972ರ ತಮ್ಮ ಪುಸ್ತಕದಲ್ಲಿ ಅದು ಭಾವವನ್ನು ತುಂಬಿಕೊಳ್ಳುವ ಪಾತ್ರೆ ಎಂಬಂತೆ ಓದಿದರು. ಫ್ರೆಂಚ್ ತತ್ತ್ವಜ್ಞ ಜೀಲ್ ದೆಲ್ಯೂಜ್ ಅದರಲ್ಲಿ ಕಾಲವನ್ನು ಕಂಡರು. ಇಷ್ಟೆಲ್ಲ ಪಾಂಡಿತ್ಯ ಹೂದಾನಿಯ ಪಾಲಾಗಿ, ಅದರ ಎರಡೂ ಬದಿಗಿರುವ ನಟಿಯ ಮುಖಕ್ಕೆ ಸಲ್ಲಬೇಕಾದದ್ದು ಕಡಿಮೆಯಾಯಿತು ಎನ್ನಬೇಕು. ಚಿತ್ರದ ಕೊನೆಯಲ್ಲಿ, ಮಗಳನ್ನು ಮದುವೆ ಮಾಡಿ ಕಳಿಸಿದ ತಂದೆ ಒಂಟಿಯಾಗಿ ಸೇಬಿನ ಸಿಪ್ಪೆ ತೆಗೆಯುತ್ತಾನೆ. ಗಟ್ಟಿಯಾಗಿ ಅಳಬೇಕೆಂದು ಓಜು ಹೇಳಿದಾಗ, ತಮ್ಮಿಂದಾಗದು ಎಂದು ಚಿಶು ರ್ಯು ನಿರಾಕರಿಸಿದರು. ಹೇಳಿದಷ್ಟನ್ನು ಮಾಡುವ ನಟ ಎಂದೇ ಹೆಸರಾದ ರ್ಯು ಒಲ್ಲೆ ಎಂದ ಅಪರೂಪದ ಸಂದರ್ಭ ಅದು. ತಲೆ ಮಾತ್ರ ಬಾಗಿತು. ನೋಡುಗರು ಮರೆಯದೆ ಉಳಿಸಿಕೊಂಡದ್ದು ಆ ಬಾಗಿದ ತಲೆಯನ್ನೇ.

‘ಟೋಕಿಯೊ ಸ್ಟೋರಿ’ (1953) ಚಿತ್ರದ ಪಾತ್ರಗಳಲ್ಲಿ ಜನರ ಕೋಪಕ್ಕೆ ಗುರಿಯಾದವಳು ಹಿರಿಯ ಮಗಳು ಶಿಗೆ. ಹರುಕೊ ಸುಗಿಮುರಾ ಮಾಡಿದ ಈ ಪಾತ್ರ ಕೇಶಾಲಂಕಾರದ ಅಂಗಡಿ ನಡೆಸುತ್ತದೆ. ಊರಿನಿಂದ ಬಂದ ತಂದೆತಾಯಿಯನ್ನು ಕಂಡು ಗಿರಾಕಿಯೊಬ್ಬಳು ಅವರು ಯಾರೆಂದು ಕೇಳಿದರೆ, ಹಳ್ಳಿ ಕಡೆಯ ಪರಿಚಯದವರು ಎಂದುಬಿಡುತ್ತಾಳೆ. ಅವರಿಗಾಗಿ ಗಂಡ ತಂದ ತಿಂಡಿ ದುಬಾರಿಯಾಯಿತೆಂದು ಗೊಣಗುತ್ತಾಳೆ. ತಾಯಿಗೆ ಕಾಯಿಲೆ ಎಂಬ ಸುದ್ದಿ ಬಂದಾಗ ಸೂತಕದ ಬಟ್ಟೆಯನ್ನೂ ಪೆಟ್ಟಿಗೆಗೆ ಹಾಕಿಕೊಂಡೇ ಹೊರಡುತ್ತಾಳೆ. ಸಾವಿನ ಊಟ ಮುಗಿಯುವ ಮುಂಚೆಯೇ ತಾಯಿಯ ಇಂಥ ಉಡುಗೆ ತನಗಿರಲಿ ಎನ್ನುತ್ತಾಳೆ. ಆದರೆ ತಾಯಿ ಉಳಿಯುವುದಿಲ್ಲವೆಂದು ಕೇಳಿ ಮೊದಲು ಬಿಕ್ಕಿ ಅಳುವವಳೂ ಅವಳೇ. ಸುಗಿಮುರಾ ಅಳುವನ್ನೂ ಕೇಳಿಕೆಯನ್ನೂ ಒಂದೇ ಉಸಿರಿನಲ್ಲಿ, ಒಂದೇ ಪ್ರಾಮಾಣಿಕತೆಯಿಂದ ಮಾಡುತ್ತಾರೆ. ಹಾಗಾಗಿ ಶಿಗೆಯನ್ನು ಖಳನಾಯಕಿ ಎನ್ನಲು ಬಾಯಿ ಬರುವುದಿಲ್ಲ. ಇದರಲ್ಲೂ ನೊರಿಕೊ ಎಂದೇ ಹೆಸರಿರುವ, ಹಾರಾ ಮಾಡಿದ ಸೊಸೆಯ ಪಾತ್ರವನ್ನು ಮೆಚ್ಚುವವರು ಎಲ್ಲೆಡೆ ಸಿಗುತ್ತಾರೆ. ಶಿಗೆಯಲ್ಲಿ ತಮ್ಮನ್ನೇ ಕಂಡುಕೊಂಡು ನೊಂದವರೇ ಈ ಚಿತ್ರದ ನಿಜವಾದ ಪ್ರೇಕ್ಷಕರು ಎಂದು ಈ ಲೇಖಕನ ಎಣಿಕೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ನಡೆಸಿದ ನಿರ್ದೇಶಕರ ಮತಗಣನೆಯಲ್ಲಿ ಇದು ಜಗತ್ತಿನ ಅತ್ಯುತ್ತಮ ಚಿತ್ರವೆನಿಸಿತು.

ಹಾರಾ 1960ರ ದಶಕದ ಆರಂಭದಲ್ಲಿ ನಟನೆ ಬಿಟ್ಟು ಕಾಮಕುರಾದಲ್ಲಿ ಅಜ್ಞಾತವಾಗಿ ಬದುಕಿದರು. 2015ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಸುದ್ದಿ ಹೊರಬಂದದ್ದೂ ಎರಡು ತಿಂಗಳು ಕಳೆದ ಮೇಲೆ. ಅವರನ್ನು ನೊರಿಕೊ ಎಂದೇ ನಂಬಿದ್ದ ಅಭಿಮಾನಿಗಳಿಗೆ ಈ ಮೌನ ಬಿಡಿಸಲಾಗದ ಒಗಟಾಯಿತು.

ಓಜು ಶೈಲಿಗೆ ಒಳಗಿನಿಂದಲೇ ಬಂದ ತೀವ್ರ ವಿರೋಧ ಶೊಹೆಯಿ ಇಮಾಮುರಾ ಅವರದು. ಅವರು ‘ಟೋಕಿಯೊ ಸ್ಟೋರಿ’ಗೆ ಸಹಾಯಕ ನಿರ್ದೇಶಕರಾಗಿದ್ದ ದಿನಗಳಲ್ಲೇ ಅವರ ತಾಯಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಿದ್ದರು. ತೆರೆಯ ಮೇಲಿನ ತಾಯಿಯ ಅಂಥದೇ ಸಾವನ್ನು ಮತ್ತೆ ಮತ್ತೆ ನೋಡಲು ಅವರಿಂದಾಗಲಿಲ್ಲ. ಅಚ್ಚುಕಟ್ಟಾದ ಆ ಅಭಿನಯ ಅವರಿಗೆ ಹಿಡಿಸಲೂ ಇಲ್ಲ. ಮುಂದೆ ‘ದಿ ಇನ್ಸೆಕ್ಟ್ ವುಮನ್’ (1963) ಚಿತ್ರದಲ್ಲಿ ಸಚಿಕೊ ಹಿದಾರಿ ಅವರಿಂದ ಬೆವರು, ಮಣ್ಣು, ಹಸಿವು ತುಂಬಿದ ಅಭಿನಯ ತೆಗೆದರು. ಹಿದಾರಿ ಬರ್ಲಿನ್‌ನಲ್ಲಿ ಶ್ರೇಷ್ಠ ನಟಿ ಎನಿಸಿದರು.

‘ರಾಶೊಮೊನ್’ ಮತ್ತು ಹೊರಗಿನ ಕಣ್ಣು

ಕುರೊಸಾವರ ‘ರಾಶೊಮೊನ್’ (1950) 1951ರಲ್ಲಿ ವೆನಿಸ್‌ನ ಸ್ವರ್ಣ ಸಿಂಹ ಗೆದ್ದಾಗ ಜಪಾನಿನ ಚಿತ್ರರಂಗಕ್ಕೇ ಅಚ್ಚರಿ. ತೆಗೆದ ಸಂಸ್ಥೆಯ ಮುಖ್ಯಸ್ಥರಿಗೇ ಚಿತ್ರ ಅರ್ಥವಾಗಿರಲಿಲ್ಲ. ಕಾಡುಗಳ್ಳ ತಜೊಮಾರುವಾಗಿ ತೊಶಿರೊ ಮಿಫುನೆ ಗಹಗಹಿಸುವುದು, ಮೈ ಕೆರೆದುಕೊಳ್ಳುವುದು, ನೆಗೆಯುವುದು ಪಶ್ಚಿಮದ ಅನೇಕರಿಗೆ ಕಬುಕಿಯ ಪ್ರಭಾವವೆನಿಸಿತು, ಕೆಲವರಿಗೆ ಅತಿಯೆನಿಸಿತು. ಕುರೊಸಾವ ನಟರಿಗೆ ತೋರಿಸಿದ್ದು ಮಾತ್ರ ಆಫ್ರಿಕಾದ ಸಿಂಹವಿದ್ದ ಒಂದು ಸಾಕ್ಷ್ಯಚಿತ್ರ. ಅಭಿನಯದಲ್ಲಿ ಅವರು ಬಯಸಿದ್ದು ಮೂಕಿಚಿತ್ರಗಳ ಬಿರುಸನ್ನು. ಭಾರತದಲ್ಲಿ ಈ ಚಿತ್ರ 1952ರ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದ ಮೂಲಕ ಬಂತು. ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ ಅದನ್ನು ದಿನ ಬಿಡದೆ ಮೂರು ಬಾರಿ ನೋಡಿದರು. ಈ ಚಿತ್ರದಂತೆ ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ ಕ್ರಮ ಕನ್ನಡಕ್ಕೂ ಬಂದಿದೆ: ಮಲ್ಪೆಯ ಹಿನ್ನೆಲೆಯ ‘ಉಳಿದವರು ಕಂಡಂತೆ’ (2014) ತೆರೆಗೆ ಬಂದಾಗ ಕನ್ನಡದ ನೋಡುಗರು ‘ರಾಶೊಮೊನ್’ ಹೆಸರನ್ನು ಜೊತೆಗೇ ಎತ್ತಿದರು.

ಸತ್ತ ತೊರಾ-ಸಾನ್ ಬದುಕಿದ್ದು

ಪ್ರೇಕ್ಷಕರ ಪ್ರತಿಕ್ರಿಯೆ ಕಥೆಯನ್ನೇ ತಿರುಗಿಸಿದ್ದಕ್ಕೆ ತೊರಾ-ಸಾನ್‌ಗಿಂತ ದೊಡ್ಡ ಉದಾಹರಣೆ ಇಲ್ಲ. 1968–69ರಲ್ಲಿ ಫ್ಯೂಜಿ ಟೆಲಿವಿಷನ್ನಿನಲ್ಲಿ ಬಂದ 26 ಕಂತುಗಳ ಧಾರಾವಾಹಿಯಲ್ಲಿ ಊರೂರು ಸುತ್ತಿ ಸರಕು ಮಾರುವ ತೊರಾಜಿರೊ ಕೊನೆಗೆ ವಿಷದ ಹಾವು ಕಚ್ಚಿ ಸಾಯುತ್ತಾನೆ. ಸಿಟ್ಟಾದ ವೀಕ್ಷಕರ ದೂರವಾಣಿ ಕರೆಗಳ ಸುರಿಮಳೆಯಾಯಿತು. ಕಥೆಗಾರ ಯೋಜಿ ಯಾಮಾದಾ ಜನರ ಮನಸ್ಸು ತಮಗೆ ತಿಳಿದಿರಲಿಲ್ಲವೆಂದು ಅರಿತು, 1969ರ ಆಗಸ್ಟ್‌ನಲ್ಲಿ ಅವನನ್ನು ಹಿರಿತೆರೆಗೆ ತಂದರು. 1995ರವರೆಗೆ ಕಿಯೊಶಿ ಅತ್ಸುಮಿ 48 ಚಿತ್ರಗಳಲ್ಲಿ ಅದೇ ಚೌಕಳಿ ಕೋಟು, ಅದೇ ಟೋಪಿ ಹಾಕಿಕೊಂಡು ಬಂದರು. ಹೊಸವರ್ಷಕ್ಕೊಂದು, ಬೇಸಿಗೆಯ ಪಿತೃಹಬ್ಬಕ್ಕೊಂದು ಎಂಬಂತೆ ಬರುತ್ತಿದ್ದ ಈ ಚಿತ್ರಗಳನ್ನು ಮನೆಮಂದಿಯೆಲ್ಲ ಹೋಗಿ ನೋಡುತ್ತಿದ್ದರು.

ತೊರಾ ಪ್ರತಿ ಚಿತ್ರದಲ್ಲೂ ಯಾರನ್ನೋ ಪ್ರೀತಿಸುತ್ತಾನೆ, ಪ್ರತಿ ಬಾರಿಯೂ ಒಂಟಿಯಾಗಿ ಊರು ಬಿಡುತ್ತಾನೆ. ರುರಿಕೊ ಅಸಾವೊಕಾ ಮಾಡಿದ ಲಿಲಿ ಎಂಬ ಊರೂರು ಸುತ್ತುವ ಗಾಯಕಿಯನ್ನಾದರೂ ಅವನು ಮದುವೆಯಾಗಲಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಹಂಬಲಿಸಿದರು. 1975ರ 15ನೆಯ ಚಿತ್ರದಲ್ಲಿ ಕರಬೂಜದ ಜಗಳವೊಂದಿದೆ. ಉಡುಗೊರೆಯಾಗಿ ಬಂದ ದುಬಾರಿ ಹಣ್ಣನ್ನು ಮನೆಯವರು ಕತ್ತರಿಸಿ ಹಂಚಿಕೊಂಡು ಬಾಯಿಗಿಡುವ ಹೊತ್ತಿಗೆ ತೊರಾ ಬರುತ್ತಾನೆ. ಅವನ ಪಾಲು ಇಲ್ಲ. ತಲೆ ಎಣಿಸುವಾಗ ತನ್ನನ್ನು ಮರೆತರೆಂದು ಅವನು ಮಗುವಿನಂತೆ ಮುನಿಯುತ್ತಾನೆ. ಎಲ್ಲರೂ ಕ್ಷಮೆ ಕೇಳುತ್ತಿರುವಾಗ ಲಿಲಿ ಮಾತ್ರ, ಮನೆ ಬಿಟ್ಟು ಅಲೆಯುವವನಿಗೆ ಇಂಥ ಹಟ ಒಪ್ಪುವುದಿಲ್ಲವೆಂದು ಬೈದುಬಿಡುತ್ತಾಳೆ. ತಪ್ಪು ಯಾರದು ಎಂಬ ವಾದ ಇನ್ನೂ ತೀರಿಲ್ಲ. ಒಂದು ಹಣ್ಣಿನ ಹೋಳಿನಲ್ಲಿ ಇಡೀ ಪಾತ್ರ ಬಿಚ್ಚಿಕೊಳ್ಳುವ ಇಂಥ ಬರವಣಿಗೆ ಹಾಸ್ಯಚಿತ್ರಗಳಲ್ಲಿ ವಿರಳ. ಅತ್ಸುಮಿ ತಮ್ಮ ಮನೆಯ ಬದುಕನ್ನು ಸಹನಟರಿಂದಲೂ ಮರೆಮಾಡಿದರು. ಜನರ ಕಣ್ಣಿನ ತೊರಾನಿಗೆ ಕುಂದು ಬರಬಾರದೆಂಬ ಎಚ್ಚರ ಅದು. 1996ರಲ್ಲಿ ಅವರು ತೀರಿಕೊಂಡರು. ಕಥೆಯ ಊರಾದ ಟೋಕಿಯೊದ ಶಿಬಮಾತಾ ರೈಲು ನಿಲ್ದಾಣದ ಎದುರು ತೊರಾನ ಪ್ರತಿಮೆ ನಿಂತಿದೆ.

ನಟನ ಹೆಸರಿನ ಭಾರ

ಕೆನ್ ತಕಾಕುರಾ 1960ರ ದಶಕದ ಯಾಕುಜಾ (ಪಾತಕಿ ಗುಂಪುಗಳ) ಚಿತ್ರಗಳಲ್ಲಿ ಹೆಚ್ಚು ಮಾತಾಡದೆ ಸಹಿಸಿ, ಕೊನೆಗೆ ಕತ್ತಿ ಹಿಡಿಯುವ ವೀರ. ರಾತ್ರಿಯಿಡೀ ನಡೆಯುವ ಪ್ರದರ್ಶನಗಳಲ್ಲಿ ಚಳವಳಿಯ ವಿದ್ಯಾರ್ಥಿಗಳು ತೆರೆಯತ್ತ ಅವರ ಹೆಸರು ಕೂಗುತ್ತಿದ್ದರು. ‘ದಿ ಯೆಲ್ಲೊ ಹ್ಯಾಂಡ್‌ಕರ್ಚೀಫ್’ (1977) ಚಿತ್ರದಲ್ಲಿ ಜೈಲಿನಿಂದ ಬಿಡುಗಡೆಯಾದವನು ಮೊದಲ ಬಾರಿ ಬಿಯರ್ ಕುಡಿದು ಊಟ ಮಾಡುವ ದೃಶ್ಯಕ್ಕಾಗಿ ಅವರು ಎರಡು ದಿನ ಉಪವಾಸವಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಆ ರೀತಿಯನ್ನು ನೋಡಿದವರು ಮರೆತಿಲ್ಲ. 1978ರಲ್ಲಿ ಅವರ ‘ಮ್ಯಾನ್‌ಹಂಟ್’ ಚೀನಾದಲ್ಲಿ ತೆರೆಕಂಡಾಗ ಅಲ್ಲಿನ ಒಂದು ತಲೆಮಾರಿಗೆ ಅವರೇ ಗಂಡಸಿನ ಮಾದರಿಯಾದರು. 2014ರಲ್ಲಿ ತೀರಿಕೊಂಡಾಗ ಚೀನಾದ ವಿದೇಶಾಂಗ ಇಲಾಖೆಯೂ ಸಂತಾಪ ಸೂಚಿಸಿತು.

ತಕೇಶಿ ಕಿತಾನೊ ಅವರಿಗೆ ಹೆಸರೇ ಅಡ್ಡಿಯಾಯಿತು. ನಗೀಸಾ ಒಶಿಮಾರ ‘ಮೆರಿ ಕ್ರಿಸ್ಮಸ್, ಮಿಸ್ಟರ್ ಲಾರೆನ್ಸ್’ (1983) ಚಿತ್ರದ ಕ್ರೂರ ಸಾರ್ಜೆಂಟ್ ಹಾರಾ ಆಗಿ ಅವರು ತೆರೆಗೆ ಬಂದೊಡನೆ ಜಪಾನಿನ ಪ್ರೇಕ್ಷಕರು ನಕ್ಕರು, ಏಕೆಂದರೆ ಟೆಲಿವಿಷನ್ನಿನ ಹಾಸ್ಯಗಾರ ಎಂದೇ ಅವರ ಪರಿಚಯ. ಚಿತ್ರಮಂದಿರದಲ್ಲಿ ಕೂತು ಆ ನಗೆಯನ್ನು ಕಿವಿಯಾರೆ ಕೇಳಿದ ಕಿತಾನೊ, ಮುಂದೆ ಹಟ ಹಿಡಿದು ಕೊಲೆಗಾರರ, ದುಷ್ಟರ ಪಾತ್ರಗಳನ್ನೇ ಆರಿಸಿಕೊಂಡರು. 1997ರಲ್ಲಿ ‘ಹಾನಾ-ಬಿ’ ವೆನಿಸ್‌ನಲ್ಲಿ ಸ್ವರ್ಣ ಸಿಂಹ ಗೆದ್ದ ಮೇಲೆ ತವರಿನ ನೋಟವೂ ಬದಲಾಯಿತು.

ಈಚಿನ ದಶಕಗಳು

ಹಿರೊಕಾಜು ಕೊರೆಯೆದಾ ‘ನೋಬಡಿ ನೋಸ್’ (2004) ಚಿತ್ರದಲ್ಲಿ ಮಕ್ಕಳಿಗೆ ಚಿತ್ರಕಥೆ ಕೊಡದೆ, ಮಾತುಗಳನ್ನು ಅಲ್ಲಲ್ಲೇ ಹೇಳಿಕೊಟ್ಟು ಚಿತ್ರಿಸಿದರು. ಯೂಯಾ ಯಾಗಿರಾ 14ನೆಯ ವಯಸ್ಸಿನಲ್ಲಿ ಕಾನ್‌ನ ಶ್ರೇಷ್ಠ ನಟನಾದ. ಮಕ್ಕಳನ್ನು ಬಿಟ್ಟುಹೋಗುವ ತಾಯಿಯನ್ನು ಚಿತ್ರ ಖಂಡಿಸುವುದಿಲ್ಲ, ಇದು ಅನೇಕರನ್ನು ಕಾಡಿತು. ‘ಶಾಪ್‌ಲಿಫ್ಟರ್ಸ್’ (2018) ಕಾನ್‌ನ ಪರಮೋಚ್ಚ ಪ್ರಶಸ್ತಿ ಗೆದ್ದಾಗ, ಕಳ್ಳತನವನ್ನು ವೈಭವೀಕರಿಸುತ್ತದೆಂಬ ಆಕ್ಷೇಪ ಜಪಾನಿನಲ್ಲೇ ಎದ್ದಿತು. ಅಭಿನಯದ ಬಗ್ಗೆ ಮಾತ್ರ ಎರಡು ಮಾತಿರಲಿಲ್ಲ. ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ವಿಚಾರಣಾಧಿಕಾರಿ ಕೇಳಿದಾಗ ಅವರನ್ನು ತಾಯಿಯಂತೆ ಸಾಕಿದವಳ ಪಾತ್ರದ ಸಕುರಾ ಅಂದೊ ಉತ್ತರಿಸಲಾರರು. ಅಂಗೈಯಿಂದ ಕಣ್ಣೊರೆಸಿ, ಆ ಒದ್ದೆ ಕೈಯನ್ನು ಕೂದಲಿಗೆಳೆದುಕೊಂಡು, ಮತ್ತೆ ಒರೆಸಿಕೊಳ್ಳುತ್ತಾರೆ. ತೀರ್ಪುಗಾರರ ಅಧ್ಯಕ್ಷೆಯಾಗಿದ್ದ ಕೇಟ್ ಬ್ಲಾಂಚೆಟ್, ಇನ್ನು ಮುಂದೆ ತಮ್ಮಲ್ಲಿ ಯಾರಾದರೂ ಹಾಗೆ ಅತ್ತರೆ ಅದು ಅಂದೊ ಅವರಿಂದ ಕಲಿತದ್ದೆಂದು ತಿಳಿಯಬೇಕು ಎಂಬರ್ಥದ ಮಾತಾಡಿದರು. ಅಜ್ಜಿಯ ಪಾತ್ರಕ್ಕೆ ಕಟ್ಟುಹಲ್ಲು ತೆಗೆದಿಟ್ಟು ನಟಿಸಿದ ಕಿರಿನ್ ಕಿಕಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಜಪಾನೀ ಪಾತ್ರಗಳನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಹಾಲಿವುಡ್ಡಿನ ‘ಮೆಮೊಯರ್ಸ್ ಆಫ್ ಎ ಗೇಶಾ’ (2005) ಬಂದಾಗ ಬಿಸಿಯಾಯಿತು. ಮುಖ್ಯ ಪಾತ್ರಗಳಲ್ಲಿ ಚೀನಾದ ನಟಿಯರಿದ್ದುದು ಜಪಾನಿನಲ್ಲಿ ಹಲವರಿಗೆ ಹಿಡಿಸಲಿಲ್ಲ. ಚೀನಾದಲ್ಲಿ ಬಿಡುಗಡೆಯೇ ರದ್ದಾಯಿತು. ವಿಮ್ ವೆಂಡರ್ಸ್ ನಿರ್ದೇಶನದ ‘ಪರ್ಫೆಕ್ಟ್ ಡೇಸ್’ (2023) ಚಿತ್ರದ ಶೌಚಾಲಯ ಸ್ವಚ್ಛಗೊಳಿಸುವ ಹಿರಾಯಾಮಾ ಪಾತ್ರಕ್ಕೆ ಕೋಜಿ ಯಾಕುಶೊ ಕಾನ್ ಪ್ರಶಸ್ತಿ ಪಡೆದರು. ಅವರ ಅಭಿನಯವನ್ನು ಮೆಚ್ಚಿದವರಲ್ಲೇ ಕೆಲವರು, ದುಡಿಮೆಯ ಕೊಳೆಯನ್ನು ಚಿತ್ರ ತೋರಿಸಲೇ ಇಲ್ಲವೆಂದು ದೂರಿದರು. ಆ ದೂರಿನಲ್ಲಿ ಹುರುಳಿದೆ.

ರ್ಯೂಸುಕೆ ಹಮಗುಚಿ ನಟರಿಗೆ ಮಾತುಗಳನ್ನು ಭಾವವಿಲ್ಲದೆ ಮತ್ತೆ ಮತ್ತೆ ಓದಿಸುತ್ತಾರೆ. ಭಾವ ಕ್ಯಾಮೆರಾ ಎದುರು ಮಾತ್ರ ಬರಬೇಕು. ವೃತ್ತಿನಟಿಯರಲ್ಲದ ನಾಲ್ವರು ನಟಿಸಿದ, 317 ನಿಮಿಷಗಳ ‘ಹ್ಯಾಪಿ ಅವರ್’ (2015) ಚಿತ್ರಕ್ಕೆ ಲೊಕಾರ್ನೊ ಉತ್ಸವ ಶ್ರೇಷ್ಠ ನಟಿ ಪ್ರಶಸ್ತಿಯನ್ನು ನಾಲ್ವರಿಗೂ ಸೇರಿಸಿ ಕೊಟ್ಟಿತು. ಆಸ್ಕರ್ ಪಡೆದ ‘ಡ್ರೈವ್ ಮೈ ಕಾರ್’ (2021) ಚಿತ್ರದಲ್ಲಿ ಈ ಓದಿನ ಕ್ರಮವೇ ಕಥೆಯ ಭಾಗವಾಗಿದೆ: ಬೇರೆ ಬೇರೆ ಭಾಷೆಯ ನಟರು ಮೇಜಿನ ಸುತ್ತ ಕೂತು ಚೆಕಾಫ್‌ನ ನಾಟಕವನ್ನು ಒಣಗಿದ ದನಿಯಲ್ಲಿ ಓದುತ್ತಾರೆ. ಹಿದೆತೊಶಿ ನಿಶಿಜಿಮಾ ಮಾಡಿದ, ಆ ನಾಟಕದ ನಿರ್ದೇಶಕ ಕಾಫುಕು ತೀರಾ ನಿರ್ಭಾವ ಎಂದವರಿದ್ದಾರೆ. ಆದರೆ ಕೊರಿಯಾದ ಪಾರ್ಕ್ ಯು-ರಿಮ್ ನಾಟಕದ ಸೋನ್ಯಾ ಪಾತ್ರದ ಕೊನೆಯ ಮಾತುಗಳನ್ನು ಸಂಜ್ಞಾಭಾಷೆಯಲ್ಲಿ, ಕಾಫುಕುವಿನ ಬೆನ್ನ ಹಿಂದಿನಿಂದ ಕೈಚಾಚಿ ಅವನ ಎದುರಿಗೇ ಆಡುವ ದೃಶ್ಯ ಅಷ್ಟು ನಾಟುವುದು ಅದಕ್ಕೂ ಮುಂಚಿನ ಎರಡು ತಾಸಿನ ಬಿಗಿಯಿಂದಲೇ.